ಡ್ರಾಯರಿನಲ್ಲಿ ಉಳಿದ ಎರಡು ರಬ್ಬರು

ಭಗವಂತನ ಕೆಲಸ ಕಲ್ಲನ್ನು ಬಡಿದು ನೋಡುವುದು. ಶಹಾಬಾದಿನ ಸ್ಟೇಷನ್ ರಸ್ತೆಯ ಹಿಂದಿರುವ ಪಾಲಿಶ್ ಯಾರ್ಡೊಂದರಲ್ಲಿ ಇಪ್ಪತ್ತಾರು ವರ್ಷ ಅವನು ಅದನ್ನೇ ಮಾಡಿದ. ಖಣಿಯಿಂದ ಬಂದ ಪರಸಿಗಳನ್ನು, ಅಂದರೆ ನೆಲಕ್ಕೆ ಹಾಸುವ ಚಪ್ಪಡಿಗಳನ್ನು, ಗೋಡೆಗೆ ಒರಗಿಸಿ ಸಾಲಾಗಿ ನಿಲ್ಲಿಸುತ್ತಿದ್ದರು. ಅವನು ಗೇಣುದ್ದದ ಕಬ್ಬಿಣದ ಸಲಾಕಿ ಹಿಡಿದು, ಸಾಲಿನುದ್ದಕ್ಕೂ ನಡೆಯುತ್ತ, ಒಂದೊಂದು ಪರಸಿಗೆ ಒಂದೊಂದು ಪೆಟ್ಟು ಕೊಡುತ್ತಿದ್ದ. ಖಣ್ ಎಂದರೆ ಕಲ್ಲು ಗಟ್ಟಿ, ಮಷೀನಿಗೆ ಹೋಗಲಿ. ಬೊದ್ ಎಂದರೆ ಒಳಗೆಲ್ಲೋ ಕೂದಲೆಳೆಯಷ್ಟು ಬಿರುಕಿದೆ, ಬದಿಗಿಡಬೇಕು. ಕಣ್ಣಿಗೆ ಕಾಣದ ಬಿರುಕು ಅವನ ಕಿವಿಗೆ ಸಿಗುತ್ತಿತ್ತು. ಯಾರ್ಡಿನ ಮಾಲೀಕರು ಬದಲಾದರು, ಮಷೀನುಗಳು ಬದಲಾದವು, ಬಡಿದು ನೋಡುವವನು ಬದಲಾಗಲಿಲ್ಲ.

ಆ ಕಿವಿ ಕೊನೆಯ ಆರೇಳು ವರ್ಷ ಮಂದವಾಗಿತ್ತು. ದಿನವಿಡೀ ಕಲ್ಲು ಕೊಯ್ಯುವ ಚಕ್ರದ ಕಿರಿಚಾಟದ ನಡುವೆ ನಿಂತವನ ಕಿವಿ ಇನ್ನೇನಾದೀತು. ಆಗ ಅವನು ಬಲಗೈಯಿಂದ ಬಡಿದು, ಎಡ ಅಂಗೈಯನ್ನು ಕಲ್ಲಿನ ಮೇಲಿಟ್ಟು ನೋಡತೊಡಗಿದ. "ಕಿವಿ ಹೋದ್ರ ಏನಾತು, ಅಂಗೈಗೆ ಕೇಳಸ್ತದ" ಎಂದು ಅಣವೀರನಿಗೆ ಒಬ್ಬನಿಗೇ ಹೇಳಿದ್ದ. ಅಣವೀರ ಅದನ್ನು ಯಾರ ಮುಂದೂ ಬಾಯಿ ಬಿಡಲಿಲ್ಲ. ಆ ಒಂದು ಗುಟ್ಟನ್ನಾದರೂ ಉಳಿಸಿದೆನಲ್ಲ ಎಂದು ಅವನು ಈಗ ಸಮಾಧಾನ ಹುಡುಕುತ್ತಾನೆ. ಸಿಗುವುದಿಲ್ಲ.

ಅಣವೀರ ಯಾರ್ಡಿನ ಎದುರಿಗೇ ಮೊಬೈಲ್ ಸಾಮಾನಿನ ಅಂಗಡಿ ಇಟ್ಟವನು. ಜೊತೆಗೆ ಒಂದು ಜೆರಾಕ್ಸ್ ಮಷೀನು. ಅವನ ಮನೆತನ ಮಳಖೇಡದ್ದು, ಕಾಗಿಣಾ ನದಿಯ ದಂಡೆಯವರು. ತಂದೆ ಹಳೆಯ ಸಿಮೆಂಟ್ ಕಾರ್ಖಾನೆಯ ಕೆಲಸಕ್ಕೆಂದು ಶಹಾಬಾದಿಗೆ ಬಂದು ಇಲ್ಲಿಯವರೇ ಆದರು. ಭಗವಂತನ ಅಪ್ಪ ರಾವೂರಿನ ಖಣಿಯಿಂದ ಇಲ್ಲಿನ ಖಣಿಗೆ ಬಂದವನು. ಇಬ್ಬರು ಹುಡುಗರೂ ಎರಡನೆಯ ತರಗತಿಯಲ್ಲಿ ಒಂದೇ ಚಾಪೆಯ ಮೇಲೆ ಕೂತರು. ಆ ವರ್ಷ ಮುಗಿದ ಮೇಲೆ ಭಗವಂತ ಅಪ್ಪನ ಹಿಂದೆ ಕಲ್ಲು ಹೊರಲು ಹೋದ. ಅಣವೀರ ಬಿ.ಎ. ಮುಗಿಸಿದ, ಪುಸ್ತಕ ಓದುವ ಚಟ ಹತ್ತಿಸಿಕೊಂಡ. ನಲವತ್ತು ವರ್ಷದ ಸ್ನೇಹದಲ್ಲಿ ಇಬ್ಬರೂ ಎಲ್ಲವನ್ನೂ ಮಾತಾಡಿದರು, ಅಕ್ಷರದ ಮಾತನ್ನು ಬಿಟ್ಟು. ಭಗವಂತನಿಗೆ ಸಹಿ ಹಾಕಲು ಬರುತ್ತಿತ್ತು, ಅಷ್ಟೇ. ಹೆಂಡತಿ ಲಾಲಮ್ಮನ ತವರು ಚಿತ್ತಾಪುರ. ಅಲ್ಲಿಗೆ ಹೋಗುವ ಬಸ್ಸನ್ನು ಅದು ನಿಲ್ಲುವ ಜಾಗದ ಮೇಲೆ, ಡ್ರೈವರನ ಮುಖದ ಮೇಲೆ ಗುರುತಿಸುತ್ತಿದ್ದನೇ ಹೊರತು ಯಾರನ್ನೂ ಕೇಳಿದವನಲ್ಲ.

ಅಂಗಡಿಯ ನೆಲಕ್ಕೆ ಪರಸಿ ಹಾಸಿದವನೂ ಅವನೇ. ಎರಡು ಭಾನುವಾರ ಮೊಣಕಾಲೂರಿ ಕೂತು, ತಾನೇ ಬಡಿದು ಆರಿಸಿದ ಕಲ್ಲುಗಳನ್ನು ಒಂದಕ್ಕೊಂದು ಕೂಡಿಸಿದ. ಸಂದಿನಲ್ಲಿ ಉಗುರು ಹೋಗುವುದಿಲ್ಲ. "ಕೂಲಿ ಹೇಳಪ್ಪಾ" ಎಂದರೆ "ಮೊದಲ ಚಹಾ ಹೇಳು" ಅಂದಿದ್ದ. ಅಣವೀರ ದಿನಾ ನಿಲ್ಲುವುದು ಆ ನೆಲದ ಮೇಲೆ.

ಕೋವಿಡ್ ಕಳೆದು ಶಾಲೆಗಳು ಸರಿಯಾಗಿ ನಡೆಯತೊಡಗಿದ ವರ್ಷ ಓಣಿಯ ಸರಕಾರಿ ಶಾಲೆಯಲ್ಲಿ ಪಾಲಕರ ಸಮಿತಿ ಆಯಿತು. ಭಗವಂತನ ಮಗ ಕಪಿಲ ಆಗ ಅಲ್ಲಿ ಆರನೆಯ ತರಗತಿ. ಎಲ್ಲರೂ ಕೂಡಿ ಭಗವಂತನನ್ನೇ ಅಧ್ಯಕ್ಷ ಮಾಡಿದರು. ಅವನು ಆ ಹುದ್ದೆಗೆ ತಕ್ಕ ಹಾಗೆ ನಡೆದುಕೊಂಡ. ಯಾರ್ಡಿನಿಂದ ಯಾರ್ಡಿಗೆ ಅಲೆದು, ಬೇಡಿ, ಒಂದೆಡೆ ಹತ್ತು ಪರಸಿ ಇನ್ನೊಂದೆಡೆ ಎಂಟು ಪರಸಿ ಕೂಡಿಸಿ, ಮಣ್ಣು ನೆಲದ ಎರಡು ಕೋಣೆಗಳಿಗೆ ಕಲ್ಲು ಹಾಸಿಸಿದ. ಹಾಸಿದವರು ಯಾರ್ಡಿನ ಕೆಲಸಗಾರರೇ, ರಜೆಯ ದಿನ ಬಂದು. ಆ ಕೋಣೆಗಳ ಉದ್ಘಾಟನೆಗೆ ಚಿತ್ತಾಪುರದಿಂದ ಶಿಕ್ಷಣ ಇಲಾಖೆಯ ಸಾಹೇಬರು ಬರುವುದೆಂದು ಗೊತ್ತಾಯಿತು. ಮುಖ್ಯ ಶಿಕ್ಷಕಿ ಸುಮಂಗಲಾ ಎರಡು ಹಾಳೆಯ ಸ್ವಾಗತ ಭಾಷಣ ಬರೆದು, "ಅಧ್ಯಕ್ಷರೇ, ಇದನ್ನ ನೀವೇ ಓದ್ಬೇಕ್ರಿ" ಎಂದು ಕೊಟ್ಟರು. ಭಗವಂತ ಎರಡೂ ಕೈಯಿಂದ ಇಸಿದುಕೊಂಡು, ಮಡಚಿ, ಎದೆಯ ಕಿಸೆಯಲ್ಲಿಟ್ಟುಕೊಂಡ. ಓದಲು ಬರುವುದಿಲ್ಲ ಎಂದು ಹೇಳಲು ಬಾಯಿ ಬರಲಿಲ್ಲ.

ದಾರಿ ಹುಡುಕಿದವಳು ಹಿರಿಯ ಮಗಳು ಲುಂಬಿನಿ. ಅವಳು ಕಲಬುರಗಿಯಲ್ಲಿ ಬಿ.ಎಡ್. ಓದುತ್ತಿದ್ದಳು. ಭಾನುವಾರ ಮನೆಗೆ ಬಂದಾಗ ಅಪ್ಪನ ಮೊಬೈಲಿನಲ್ಲಿ ಭಾಷಣವನ್ನು ತನ್ನ ದನಿಯಲ್ಲಿ ರೆಕಾರ್ಡ್ ಮಾಡಿಕೊಟ್ಟಳು. ಒಂದು ಸಾಲು ಓದುವುದು, "ಅಪ್ಪಾ, ಈಗ ನೀ ಹೇಳು" ಅನ್ನುವುದು, ಅಷ್ಟೇ ಹೊತ್ತು ಸುಮ್ಮನಿರುವುದು. ಸಾಲು ಬಾಯಿಗೆ ಬಂದರೆ ಸಾಲದು, ಜನ ಅವನು ಓದುತ್ತಿದ್ದಾನೆ ಅಂದುಕೊಳ್ಳಬೇಕು. ಅದಕ್ಕೆ ಮೊದಲ ಪುಟ ಮುಗಿಯುವಲ್ಲಿ ಇನ್ನೊಂದು ಮಾತು ಸೇರಿಸಿದ್ದಳು: "ಇಲ್ಲಿ ಹಾಳಿ ತಿರುವು."

ಮರುದಿನ ಭಗವಂತ ಅಂಗಡಿಗೆ ಬಂದ.

"ಅಣ್ವೀರ್ಯಾ, ಕಿವ್ಯಾಗ ಹಾಕ್ಕೊಳ್ಳೋದು ಒಂದು ಕೊಡು. ಹೊರಗ ಕೇಳಸಬಾರದು ನೋಡು."

"ಹೊರಗ ಕೇಳಸಬಾರದಂಥಾದ್ದು ಏನ್ ಕೇಳಾಂವ ಅದೀ? ಈ ವಯಸ್ಸಿನ್ಯಾಗ?"

"ಹೊಲಸ ಬಾಯಿ ಮುಚ್ಚು." ಭಗವಂತ ಹಿಂದೆ ಮುಂದೆ ನೋಡಿ ಕೌಂಟರಿನ ಮೇಲೆ ಬಾಗಿದ. "ಭಾಷಣ ಅದ. ಲುಂಬಿನಿ ಇದರಾಗ ಹೇಳಿಟ್ಟಾಳ, ನಾ ಬಾಯಿಪಾಠ ಮಾಡ್ಬೇಕು. ಯಾರಿಗೂ ಗೊತ್ತಾಗಬಾರದು. ಕಪಿಲನ ಸಾಲಿ ಅದು. ಅಧ್ಯಕ್ಷನ ಮಗ ಅಂತಾರ ಅವಂಗ."

ಅಣವೀರ ಒಂದು ಪ್ಯಾಕೆಟ್ ತೆಗೆದ. "ಇದು ತೂತಿನೊಳಗ ಬೂಚು ಬಡದಂಗ ಕುಂದರ್ತದ. ಒಳಗಿಂದು ಹೊರಗ ಬರಂಗಿಲ್ಲ, ಹೊರಗಿಂದು ಒಳಗ ಹೋಗಂಗಿಲ್ಲ."

ಆ ಮಾತು ಸುಳ್ಳಲ್ಲ. ಆದರೆ ಅದರಲ್ಲಿ ಒಂದು ಷರತ್ತಿದೆ. ಪ್ಯಾಕೆಟಿನಲ್ಲಿ ಮೂರು ಅಳತೆಯ ರಬ್ಬರುಗಳಿರುತ್ತವೆ, ಸಣ್ಣವು, ನಡುವಿನವು, ದೊಡ್ಡವು. ನಡುವಿನವು ಮೊದಲೇ ಹಾಕಿರುತ್ತಾರೆ. ಕಿವಿಯ ತೂತಿಗೆ ಸರಿಯಾಗಿ ಕೂಡುವ ರಬ್ಬರು ಹಾಕಿದರೆ ಮಾತ್ರ ಅದು ಬೂಚು. ಸಡಿಲಾದರೆ ಸುತ್ತ ಸಣ್ಣ ಸಂದು ಉಳಿಯುತ್ತದೆ. ಹೊರಗಿನ ಗದ್ದಲ ಆ ಸಂದಿನಿಂದ ಒಳಗೆ ನುಗ್ಗುತ್ತದೆ. ಆಗ ಕೇಳುವವನು ಸದ್ದು ಏರಿಸುತ್ತಾನೆ. ಏರಿಸಿದ ಸದ್ದು ಅದೇ ಸಂದಿನಿಂದ ಹೊರಗೆ ಸೋರುತ್ತದೆ. ಕೊಳ್ಳುವವರ ಕಿವಿ ನೋಡಿ, ಹಾಕಿಸಿ, ತಾನೇ ಪಕ್ಕದಲ್ಲಿ ಕಿವಿಯಿಟ್ಟು ಪರೀಕ್ಷಿಸುವುದು ಅಣವೀರನ ರೂಢಿ. ಅವತ್ತು ಇನ್ನಿಬ್ಬರು ಗಿರಾಕಿಗಳಿದ್ದರು. ಭಗವಂತನ ಕಿವಿಯೊಳಗೆ ಕಲ್ಲಿನ ಪುಡಿ ಕೂತಿತ್ತು. ಆಮೇಲೆ ನೋಡಿದರಾಯಿತು ಎಂದು ಅಣವೀರ ಬಿಟ್ಟ. ಉಳಿದ ರಬ್ಬರುಗಳಿದ್ದ ಪ್ಯಾಕೆಟನ್ನು ಭಗವಂತ ಅಲ್ಲೇ ಬಿಟ್ಟು, "ಇಲ್ಲೇ ಇಟ್ಕೋ, ಮನ್ಯಾಗ ಕಳೀತಾವ" ಎಂದು ಹೋದ. ಅಣವೀರ ಅದನ್ನು ಡ್ರಾಯರಿಗೆ ಹಾಕಿದ.

ಅಂಗಡಿಯ ಮುಂದೆ ಒಂದು ಕಲ್ಲಿನ ಕಟ್ಟೆಯಿದೆ. ಮಧ್ಯಾಹ್ನ ಊಟದ ಬಿಡುವಿಗೆ ಭಗವಂತ ಅಲ್ಲಿ ಬಂದು ಕೂತ. ಕಿವಿಗೆ ಹಾಕಿಕೊಂಡ. ಅವನ ಕಿವಿ ಮಂದ, ಎದುರಿಗೆ ಮಷೀನು, ರಬ್ಬರು ಸಡಿಲು. ಸದ್ದನ್ನು ಪೂರ್ತಿ ಏರಿಸಿದ. ಲುಂಬಿನಿಯ ದನಿ ಕೌಂಟರಿನ ಆಚೆ ಕೂತ ಅಣವೀರನಿಗೆ ಬಿಡಿಬಿಡಿಯಾಗಿ ಕೇಳಿಸಿತು.

"ಮಾನ್ಯರೆ, ಈ ಶಾಲೆಯ ನೆಲ ಮಣ್ಣಿನದಾಗಿತ್ತು. ಅಪ್ಪಾ, ಈಗ ನೀ ಹೇಳು."

ಭಗವಂತ ಕಣ್ಣು ಮುಚ್ಚಿ ತುಟಿ ಅಲುಗಿಸಿದ. ಪಿಸುಗುಟ್ಟುತ್ತಿದ್ದೇನೆ ಎಂದು ಅವನ ಲೆಕ್ಕ. ಅದೂ ಅರ್ಧ ರಸ್ತೆಗೆ ಕೇಳುವಷ್ಟಿತ್ತು.

ಅಣವೀರನಿಗೆ ನಗೆ ಬಂತು. ದೊಡ್ಡ ರಬ್ಬರು ಹಾಕಿಕೊಟ್ಟರೆ ಮುಗಿಯಿತು, ಅರ್ಧ ನಿಮಿಷದ ಕೆಲಸ. ನಾಳೆ ಹೇಳೋಣ, ಇವತ್ತೊಂದು ದಿನ ಕೇಳೋಣ ಅಂದುಕೊಂಡ.

ಮರುದಿನ ಚಹಾ ತಂದ ಖಾಜಾಮಿಯಾ ಬಾಗಿಲಲ್ಲೇ ನಿಂತುಬಿಟ್ಟ. ಓಣಿಯ ಚಹಾದ ಗಾಡಿ ಅವನದು, ಬಾಯಿಯೂ ಓಣಿಯಷ್ಟೇ ಉದ್ದ.

"ಅರೆ ಭಾಯ್, ಯಾರದಿದು ಹೆಣಮಗಳ ದನಿ?"

"ಮೆಲ್ಲಗ ಮಾತಾಡು, ಅವಂಗ ಕೇಳ್ಸೀತು."

"ಅವಂಗ ಎಲ್ಲಿ ಕೇಳಸ್ತದ! ಶಹಾಬಾದಕ್ಕೆಲ್ಲಾ ಕೇಳ್ಸಿ ಅವನೊಬ್ಬಗ ಕೇಳಸಂಗಿಲ್ಲ." ಖಾಜಾಮಿಯಾ ಕಿವಿ ಚಾಚಿದ. "ಹಾಳಿ ತಿರುವು ಅಂತ! ಇದೂ ಭಾಷಣದಾಗ ಬರ್ತದೇನು?"

ಇಬ್ಬರೂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಅಲ್ಲಿಂದ ಅದು ಯಾರ್ಡಿನೊಳಗೆ ಹೋಯಿತು. ಊಟದ ಡಬ್ಬಿ ಹಿಡಿದು ಕಟ್ಟೆಯ ಹತ್ತಿರ ಕೂರುವವರು ಹೆಚ್ಚಾದರು. ಭಗವಂತನಿಗೆ ಅದು ಪ್ರೀತಿ ಎಂದು ತೋರಿತು. "ಬರ್ರಿ, ಕುಂದ್ರಿ" ಎಂದು ಸರಿದು ಜಾಗ ಮಾಡಿಕೊಡುತ್ತಿದ್ದ. "ಮಾನ್ಯರೆ" ಎಂದು ಯಾರಾದರೂ ಕರೆದರೆ ನಾಚುತ್ತಿದ್ದ. ಯಾರ್ಡಿನಲ್ಲಿ ಪರಸಿ ಮಗ್ಗುಲು ಬದಲಿಸುವಾಗ "ಇಲ್ಲಿ ಹಾಳಿ ತಿರುವು!" ಎಂದು ಒಬ್ಬ ಕೂಗುವುದು, ಎಲ್ಲರೂ ನಗುವುದು ರೂಢಿಯಾಯಿತು. ಮಷೀನಿನ ಸದ್ದಿನಲ್ಲಿ ಮಾತು ಕೇಳಿಸದ ಭಗವಂತ, ಎಲ್ಲರೂ ನಗುತ್ತಿದ್ದಾರಲ್ಲ ಎಂದು ತಾನೂ ನಗುತ್ತಿದ್ದ. ಅಣವೀರ ಅದನ್ನು ಕಣ್ಣಾರೆ ನೋಡಿದ್ದಾನೆ.

ನೋಡಿದ್ದಷ್ಟೇ ಆಗಿದ್ದರೆ! ಎಲ್ಲರಿಗಿಂತ ಚೆನ್ನಾಗಿ ಆ ಭಾಷಣ ಬಂದಿದ್ದು ಅಣವೀರನಿಗೆ. ಓದಿದವನಲ್ಲವೆ. ಖಾಜಾಮಿಯಾ ತಪ್ಪು ಹೇಳಿದರೆ ತಿದ್ದುತ್ತಿದ್ದ. ಒಂದು ಸಂಜೆ ಚಹಾದ ಗಾಡಿಯ ಮುಂದೆ ಐದಾರು ಜನರ ನಡುವೆ ನಿಂತು, ದನಿ ತೆಳ್ಳಗೆ ಮಾಡಿ, ಲುಂಬಿನಿಯ ಹಾಗೆ "ಅಪ್ಪಾ, ಈಗ ನೀ ಹೇಳು" ಎಂದ. ತಾನು ಎತ್ತಿ ಆಡಿಸಿದ ಹುಡುಗಿ ಅದು. ಜನ ಬಿದ್ದು ಬಿದ್ದು ನಕ್ಕರು. ಅವನಿಗೆ ಆ ನಗೆ ಸವಿಯೆನಿಸಿತು. ಅದನ್ನು ಬೇರೆ ಮಾತಿನಲ್ಲಿ ಹೇಳಲು ಸಾಧ್ಯವಿಲ್ಲ, ಸವಿಯೆನಿಸಿತು.

ಹತ್ತನೆಯ ದಿನವೋ ಹನ್ನೊಂದನೆಯ ದಿನವೋ ಭಗವಂತ ಇಯರ್‌ಫೋನು ಕಿತ್ತು ಕೈಯಲ್ಲಿ ಹಿಡಿದು ಕೇಳಿದ. "ಲೇ, ಹೊರಗ ಏನೂ ಕೇಳಸಂಗಿಲ್ಲಲ್ಲ?"

ಅಣವೀರನ ಕೈ ಡ್ರಾಯರಿನ ಮೇಲೇ ಇತ್ತು. ಕಟ್ಟೆಯ ಮೇಲೆ ನಾಲ್ಕು ಜನ ಉಸಿರು ಬಿಗಿಹಿಡಿದು ಅವನ ಮುಖ ನೋಡುತ್ತಿದ್ದರು.

"ಏನೂ ಇಲ್ಲ" ಎಂದ ಅಣವೀರ. "ನೀ ಜೋರು ಮಾಡ್ಕೊಂಡು ಕೇಳು."

ಉದ್ಘಾಟನೆಯ ದಿನ ಶಾಲೆಯ ಅಂಗಳದಲ್ಲಿ ಪೆಂಡಾಲು ಹಾಕಿದ್ದರು. ಮುಂದೆ ಮಕ್ಕಳು ಸಾಲಾಗಿ ನೆಲದ ಮೇಲೆ, ಹಿಂದೆ ಕುರ್ಚಿಗಳಲ್ಲಿ ಪಾಲಕರು, ಅವರ ಹಿಂದೆ ನಿಂತವರು ಯಾರ್ಡಿನ ಕೆಲಸಗಾರರು. ಕಲ್ಲು ಹಾಸಿದವರೇ ಅವರು, ಬರದೆ ಇರುತ್ತಾರೆಯೇ. ಅಣವೀರ ಎರಡನೆಯ ಸಾಲಿನ ಕುರ್ಚಿಯಲ್ಲಿದ್ದ. ಭಗವಂತ ಬಿಳಿ ಅಂಗಿ ಹಾಕಿದ್ದ. ಮೈಕಿನ ಮುಂದೆ ನಿಂತು ಹಾಳೆ ಬಿಚ್ಚಿ, ಅದರ ಮೇಲೆ ಕಣ್ಣಿಟ್ಟು ಶುರು ಮಾಡಿದ. ತಪ್ಪಿರಲಿಲ್ಲ. ಉಸಿರು ಎಲ್ಲಿ ಎಳೆದುಕೊಳ್ಳಬೇಕೋ ಅಲ್ಲಿ ಎಳೆದುಕೊಳ್ಳುತ್ತಿದ್ದ. ಸಾಹೇಬರು ತಲೆದೂಗಿದರು. ಸುಮಂಗಲಾ ಟೀಚರರ ಮುಖ ಅರಳಿತ್ತು.

"ಮಕ್ಕಳು ಕೂತೆದ್ದರೆ ಬಟ್ಟೆಗೆಲ್ಲ ಧೂಳು. ಈ ಧೂಳು ನಮ್ಮದು."

ಅಲ್ಲಿ ನಿಂತ. ಮುಂದಿನ ಸಾಲು ಸಿಗಲಿಲ್ಲ. ಹಾಳೆಯ ಮೇಲೆ ಕಣ್ಣು ಅಲುಗಾಡಿತು, ಹಾಳೆ ಏನು ಹೇಳೀತು. ಎರಡು ಉಸಿರಿನಷ್ಟು ಹೊತ್ತು, ಅಷ್ಟೇ. ಇನ್ನೊಂದು ಉಸಿರು ಕಾದಿದ್ದರೆ ಅವನೇ ಹೇಳುತ್ತಿದ್ದ.

"ಈ ಕಲ್ಲೂ ನಮ್ಮದು!" ಎಂದು ಎರಡನೆಯ ಸಾಲಿನಿಂದ ಗಟ್ಟಿಯಾಗಿ ಹೇಳಿದವನು ಅಣವೀರ.

ನೆರವಾಗಲೆಂದು ಹೇಳಿದನೋ, ತನಗೆ ಬರುತ್ತದೆ ಎಂದು ಹೇಳಿದನೋ, ಇವತ್ತಿಗೂ ಅವನಿಗೆ ಬಿಡಿಸಲು ಆಗಿಲ್ಲ. ಹದಿನೆಂಟು ದಿನ ನಾಲಗೆಯ ತುದಿಯಲ್ಲಿದ್ದ ಮಾತು ಹಾರಿಬಿಟ್ಟಿತು. ಹಾರಿದ್ದೇ ತಡ, ಹಿಂದೆ ನಿಂತವರಿಗೆ ಅಪ್ಪಣೆ ಸಿಕ್ಕ ಹಾಗಾಯಿತು. ಮುಂದಿನ ಸಾಲನ್ನು ನಾಲ್ಕೈದು ದನಿ ಕೂಡಿ ಹೇಳಿದವು. ಅದರ ಮುಂದಿನದನ್ನು ಇಪ್ಪತ್ತು ದನಿ. ಕೊನೆಗೆ ಯಾರೋ ಒಬ್ಬ, ಹುಡುಗಿಯ ದನಿ ಮಾಡಿ, "ಇಲ್ಲಿ ಹಾಳಿ ತಿರುವು!" ಎಂದು ಕೂಗಿದ.

ಭಗವಂತನ ಕೈ ಹಾಳೆ ತಿರುವಿತು. ಅವನು ತಿರುವಲಿಲ್ಲ, ಹದಿನೆಂಟು ದಿನ ಕಲಿತ ಕೈ ತಾನಾಗಿ ತಿರುವಿತು.

ಪೆಂಡಾಲು ಹಾರಿಹೋಗುವಂತೆ ಜನ ನಕ್ಕರು. ಯಾಕೆಂದು ಗೊತ್ತಿಲ್ಲದ ಮಕ್ಕಳೂ ನಕ್ಕವು. ಮಕ್ಕಳ ಸಾಲಿನಲ್ಲಿ ಕಪಿಲ ಒಬ್ಬ ತಲೆ ಬಗ್ಗಿಸಿ ನೆಲದ ಮೇಲೆ ಬೆರಳಾಡಿಸುತ್ತಿದ್ದ. ಭಗವಂತ ಅವನನ್ನು ನೋಡಿದ, ಆಮೇಲೆ ಅಣವೀರನನ್ನು ನೋಡಿದ. ಹಾಳೆ ಮಡಚಿ ಕಿಸೆಗಿಟ್ಟು, ಕೈ ಮುಗಿದು, "ಎಲ್ಲಾರಿಗೂ ಸ್ವಾಗತ" ಎಂದು ಕೂತ. ಉಳಿದದ್ದನ್ನು ಸುಮಂಗಲಾ ಟೀಚರು ಹೇಗೋ ಸಾಗಿಸಿದರು.

ಮರುದಿನ ಬೆಳಿಗ್ಗೆ ಅವನು ಅಂಗಡಿಗೆ ಬಂದು ಇಯರ್‌ಫೋನನ್ನು ಕೌಂಟರಿನ ಮೇಲಿಟ್ಟ.

"ಇದು ಹೊರಗ ಕೇಳಸ್ತದೇನೋ?"

ನಿಜ ಹೇಳಲು ಅದೇ ಸರಿಯಾದ ಹೊತ್ತು. ಗಿರಾಕಿ ಯಾರೂ ಇರಲಿಲ್ಲ. ಅಣವೀರ ಇಯರ್‌ಫೋನು ಎತ್ತಿಕೊಂಡು, ತಿರುಗಿಸಿ ಮುರುಗಿಸಿ, ನೋಡಿದ ಹಾಗೆ ಮಾಡಿದ.

"ಇದರದೇನೂ ತಪ್ಪಿಲ್ಲ. ನೀನೇ ಜೋರಲೆ ಅಂದ್ಕೋತ ಅಡ್ಡಾಡೀದಿ. ಕಿವಿ ಮಂದ ಆದವ್ರಿಗಿ ತಮ್ಮ ದನಿ ತಮಗ ಗೊತ್ತಾಗಂಗಿಲ್ಲ."

"ಹಾಳಿ ತಿರುವು ಅಂತ ನಾ ಯಾವಾಗ ಅಂದೆ?"

"ಅಂದಿರ್ತಿ. ನಿನಗ ಖಬರಿರಂಗಿಲ್ಲ."

"ಖರೇ ಇರ್ಬೇಕು" ಎಂದ ಭಗವಂತ. "ಲುಂಬಿನಿ ಪೋರಿ ಭಾಳ ಅತ್ತಳು. ನನ್ನ ತಪ್ಪಿಗಿ ಅಕಿ ಅತ್ತಳು." ಇಯರ್‌ಫೋನನ್ನು ಅಲ್ಲೇ ಬಿಟ್ಟು ಯಾರ್ಡಿಗೆ ಹೋದ.

ಆ ವಾರ ಅವನು ಅಧ್ಯಕ್ಷ ಸ್ಥಾನ ಬಿಟ್ಟ. ಕೆಲಸ ಭಾಳ ಅದ ಎಂದು ಟೀಚರಿಗೆ ಹೇಳಿ ಕಳಿಸಿದ. ಮಧ್ಯಾಹ್ನದ ಬುತ್ತಿಯನ್ನು ಯಾರ್ಡಿನೊಳಗೆ, ಮಷೀನಿನ ಮಗ್ಗುಲಲ್ಲಿ ಕೂತು ಉಣ್ಣತೊಡಗಿದ. ಆದರೆ ಸಂಜೆ ಅಂಗಡಿಗೆ ಬರುವುದನ್ನು ಮಾತ್ರ ಬಿಡಲಿಲ್ಲ. ಮೊದಲಿನ ಹಾಗೇ ಸ್ಟೂಲಿನ ಮೇಲೆ ಕೂರುತ್ತಿದ್ದ, ಅಣವೀರನ ಮೊಣಕಾಲು ನೋವು ಕೇಳುತ್ತಿದ್ದ, ವಾಡಿಯಲ್ಲಿ ಯಾವ ಡಾಕ್ಟರು ಒಳ್ಳೆಯವರು ಎಂದು ಹೇಳುತ್ತಿದ್ದ. ಹೇಳಬೇಕು, ಇವತ್ತು ಹೇಳಬೇಕು ಅಂದುಕೊಳ್ಳುತ್ತಲೇ ಅಣವೀರ ಚಹಾ ತರಿಸುತ್ತಿದ್ದ.

ಒಂದು ವರ್ಷದ ಮೇಲೆ ಒಂದು ಸಂಜೆ ಭಗವಂತ ರಸ್ತೆಯ ನಡುವೆಯೇ ನಿಂತು, ಅಂಗಡಿಯ ಬೋರ್ಡಿಗೆ ಮುಖ ಮಾಡಿ ಗಟ್ಟಿಯಾಗಿ ಓದಿದ. "ಅ... ಣ... ವೀ... ರ. ಮೊ... ಬೈ... ಲ್ಸ್." ಒತ್ತಕ್ಷರ ದಾಟಿದಾಗ ಪರಸಿಯೊಂದನ್ನು ಒಬ್ಬನೇ ಎತ್ತಿಟ್ಟವನ ಹಾಗೆ ಉಸಿರು ಬಿಟ್ಟ. ಕಪಿಲ ದಿನಾ ರಾತ್ರಿ ಊಟವಾದ ಮೇಲೆ ಅವನಿಗೆ ಪಾಟಿ ಬಳಪ ಹಿಡಿಸಿ ಅಕ್ಷರ ಕಲಿಸಿದ್ದನಂತೆ.

"ಏನಂತಿ ಅಣ್ವೀರ್ಯಾ, ಬರೋಬ್ಬರಿ ಓದಿದ್ನೇನು?"

"ಬರೋಬ್ಬರಿ" ಎಂದ ಅಣವೀರ. ತಲೆ ಎತ್ತಲಾಗಲಿಲ್ಲ. ಜೆರಾಕ್ಸ್ ಮಷೀನಿನ ಮುಚ್ಚಳ ತೆಗೆದು ಒಳಗೆ ಏನೋ ಹುಡುಕಿದ.

ಭಗವಂತ ಸತ್ತದ್ದು ಈ ಫೆಬ್ರವರಿಯಲ್ಲಿ, ಚಿತ್ತಾಪುರದಿಂದ ಬರುವ ಬಸ್ಸಿನಲ್ಲಿ. ಕಿಟಕಿಗೆ ಒರಗಿ ಕೂತಿದ್ದನಂತೆ. ಶಹಾಬಾದ ಬಂದಾಗ ಕಂಡಕ್ಟರ್ ಎರಡು ಸಲ ಕರೆದು, ಈ ಅಣ್ಣಗ ಕೇಳಸಂಗಿಲ್ಲ ಎಂದು ಭುಜ ಮುಟ್ಟಿದರೆ ಮೈ ವಾಲಿತು. ಐವತ್ತೂ ತುಂಬಿರಲಿಲ್ಲ. ಬೋರ್ಡು ಓದಿ ಹತ್ತಿದ ಬಸ್ಸು ಅದು ಎಂದು ಅಣವೀರನಿಗೆ ಮತ್ತೆ ಮತ್ತೆ ಅನಿಸಿತು. ಹೆಗಲು ಕೊಟ್ಟ, ಮಣ್ಣು ಕೊಟ್ಟ, ಅಳು ಬರಲಿಲ್ಲ. ಅಳುವುದಕ್ಕೂ ಒಂದು ಹಕ್ಕು ಬೇಕಾಗುತ್ತದೆ ಎಂದು ಆಗ ತಿಳಿಯಿತು.

ನಾಲ್ಕನೆಯ ದಿನ ಲುಂಬಿನಿ ಅಂಗಡಿಗೆ ಬಂದಳು. ಈಗ ಸೇಡಂನ ಶಾಲೆಯೊಂದರಲ್ಲಿ ಟೀಚರ್. ಬಿಳಿ ಸೀರೆ ಉಟ್ಟಿದ್ದಳು. ಕಣ್ಣು ಬಾತಿದ್ದವು.

"ಕಾಕಾ, ಭಾನುವಾರ ಬುದ್ಧ ವಿಹಾರದಾಗ ನುಡಿನಮನ ಇಟ್ಕೊಂಡೀವಿ. ನೀವು ಮಾತಾಡ್ಬೇಕು."

"ನಾ ಯಾಕವ್ವಾ. ಸುಮಂಗಲಾ ಟೀಚರ್ ಅದಾರ, ಅವ್ರು ಚಲೋ ಮಾತಾಡ್ತಾರ."

"ಅವ್ವ ನಿಮ್ಮನ್ನೇ ಕರೀ ಅಂದಾಳ. ಅಪ್ಪ ಯಾವಾಗ್ಲೂ ಅಂತಿದ್ದ ಕಾಕಾ. ಅವತ್ತು ಸಾಲ್ಯಾಗ ಎಲ್ಲಾರೂ ನಕ್ಕರು, ಅಣವೀರ ಒಬ್ಬನೇ ನನ್ನ ಕೈ ಹಿಡ್ದು ದಾಟ್ಸಲಿಕ್ಕ ನೋಡಿದ ಅಂತ."

ಅಣವೀರ ಡ್ರಾಯರು ಎಳೆದ. ಆ ಪ್ಯಾಕೆಟು ಅಲ್ಲೇ ಇತ್ತು, ಅವನು ಅದನ್ನು ಯಾರಿಗೂ ಕೊಟ್ಟಿರಲಿಲ್ಲ, ಎಸೆದೂ ಇರಲಿಲ್ಲ. ದೊಡ್ಡ ಅಳತೆಯ ಎರಡು ರಬ್ಬರುಗಳನ್ನು ಕೌಂಟರಿನ ಮೇಲಿಟ್ಟ.

"ಇಯರ್‌ಫೋನಿನಿಂದ ಹೊರಗ ಕೇಳಸ್ತಿತ್ತು ಲುಂಬಿನಿ. ಅದರಿಂದನೇ ಎಲ್ಲಾರಿಗೂ ಗೊತ್ತಾಗಿದ್ದು. ನನಗ ಗೊತ್ತಿತ್ತು."

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ, ತರಗತಿಯಲ್ಲಿ ಕೇಳುವ ಹಾಗೆ, ಒಂದೊಂದಾಗಿ ಕೇಳಿದಳು.

"ಯಾವಾಗಿನಿಂದ ಗೊತ್ತಿತ್ತು?"

"ಮೊದಲ್ನೇ ದಿನದಿಂದ."

"ಇವು ಏನು?"

"ದೊಡ್ಡ ಸೈಜಿನವು. ಇವನ್ನ ಹಾಕಿದ್ರ ಕೇಳ್ತಿರಲಿಲ್ಲ."

"ಹಾಕ್ಲಿಕ್ಕ ಎಷ್ಟೊತ್ತು ಬೇಕು?"

"ಅರ್ಧ ನಿಮಿಷ."

"ನನ್ನ ದನಿ?"

"ಅದೂ ಕೇಳ್ತಿತ್ತು. ನಾನೂ ನಿನ್ನ ಹಂಗ ಮಾಡಿ ತೋರ್ಸಿ ನಗಿಸೀನಿ. ನಿಮ್ಮಪ್ಪ ಬಂದು ಕೇಳಿದಾಗ, ನೀನೇ ಜೋರಲೆ ಅಂದೀದಿ ಅಂತ ಸುಳ್ಳ ಹೇಳಿದೆ."

ಲುಂಬಿನಿ ರಬ್ಬರೊಂದನ್ನು ಎತ್ತಿಕೊಂಡು ಬೆರಳಿನಲ್ಲಿ ಒತ್ತಿ ನೋಡಿದಳು. ಅದು ಮಡಚಿ ಮತ್ತೆ ಅರಳಿತು.

"ಅವತ್ತ ಮನಿಗಿ ಬಂದು ನಾ ಅಪ್ಪಗ ಭಾಳ ಬೈದೆ" ಎಂದಳು. "ಊರೆಲ್ಲಾ ಹೇಳ್ಕೋತ ಅಡ್ಡಾಡೀದಿ, ನನ್ನ ಮಾನ ಕಳ್ದಿ ಅಂತ. ಅಪ್ಪ ನನ್ನ ಮುಂದ ಕೈ ಮುಗದು ತಪ್ಪಾತವ್ವಾ ಅಂದ. ನನಗ ಕೈ ಮುಗದ ಕಾಕಾ."

ಅಣವೀರನಿಗೆ ಅದು ಗೊತ್ತಿರಲಿಲ್ಲ.

"ನನ್ನ ಮುಂದ ಹೇಳಿದ್ರ ಏನ್ ಬಂತು" ಎಂದು ಅವಳು ಎದ್ದಳು. "ನಕ್ಕವರ ಮುಂದ ಹೇಳ್ರಿ. ಭಾನುವಾರ." ರಬ್ಬರುಗಳನ್ನು ಅಲ್ಲೇ ಬಿಟ್ಟು ಹೋದಳು.

ಭಾನುವಾರ ವಿಹಾರದ ಮುಂದಿನ ಅಂಗಳದಲ್ಲಿ ಯಾರ್ಡಿನವರೆಲ್ಲ ಬಂದಿದ್ದರು. ಭಗವಂತನ ಫೋಟೋದ ಮುಂದೆ ಮೇಣದಬತ್ತಿ ಉರಿಯುತ್ತಿತ್ತು. ಒಬ್ಬೊಬ್ಬರೂ ಎದ್ದು ಒಳ್ಳೆಯ ಮಾತಾಡಿದರು. ಶಾಲೆಯ ನೆಲದ ಮಾತು ಬಂತು, ಭಾಷಣದ ಮಾತನ್ನು ಯಾರೂ ಎತ್ತಲಿಲ್ಲ. ಅಣವೀರನ ಹೆಸರು ಕರೆದಾಗ ಅವನ ಕಿಸೆಯಲ್ಲಿ ನಾಲ್ಕು ಸಲ ಬರೆದು ಹೊಡೆದುಹಾಕಿದ ಹಾಳೆಯಿತ್ತು. ಅದನ್ನು ತೆಗೆಯಲಿಲ್ಲ.

"ಭಗವಂತ ಜೋರಾಗಿ ಹೇಳಿಕೊಂಡು ಓಡಾಡಲಿಲ್ಲ" ಎಂದ. "ಅವನ ಕಿವಿಯಿಂದ ಸೋರಿದ್ದನ್ನು ನಾವು ಕೇಳಿದೆವು. ಹದಿನೆಂಟು ದಿನ ಕೇಳಿದೆವು. ನಿಲ್ಲಿಸುವ ವಸ್ತು ನನ್ನ ಡ್ರಾಯರಿನಲ್ಲಿತ್ತು. ಹೊರಗೆ ಕೇಳಿಸುತ್ತದೆಯೇ ಎಂದು ಅವನು ನನ್ನನ್ನು ಎರಡು ಸಲ ಕೇಳಿದ. ಎರಡು ಸಲವೂ ಇಲ್ಲ ಅಂದೆ. ಅವನು ನಂಬಿ ಸತ್ತ. ಅವನ ಮಗ ಇಲ್ಲಿ ಕೂತಿದ್ದಾನೆ. ಅಪ್ಪನ ತಪ್ಪು ಏನೂ ಇರಲಿಲ್ಲ ಎಂದು ಅವನಿಗೆ ಗೊತ್ತಾಗಲಿ."

ಇನ್ನೂ ಏನೋ ಹೇಳಬೇಕಿತ್ತು. ಗೋಡೆಗೆ ಒರಗಿ ಕೂತಿದ್ದ ಲಾಲಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಕಪಿಲ ಮೊದಲ ಸಲ ತಲೆಯೆತ್ತಿ ಅವನನ್ನು ನೆಟ್ಟಗೆ ನೋಡಿದ. ಅಣವೀರ ಮೈಕು ಬಿಟ್ಟು ಕೆಳಗಿಳಿದ.

ಗೇಟಿನ ಹತ್ತಿರ ಖಾಜಾಮಿಯಾ ಅವನ ರಟ್ಟೆ ಹಿಡಿದ. "ನಿಂದು ನೀ ಹೇಳ್ಕೋ ಭಾಯ್, ನಮ್ಮನ್ಯಾಕ ಎಳೀತಿ? ನಾವು ಅಂದ್ರೇನು, ನಾವು?" ಸಿಟ್ಟಿನಲ್ಲಿ ಶುರುವಾದ ಮಾತು ನಡುವೆಯೇ ಒಡೆಯಿತು. ರಟ್ಟೆ ಬಿಟ್ಟು, ಟೋಪಿ ತೆಗೆದು ಮುಖ ಒರೆಸಿಕೊಂಡು, ಬೇರೆ ಕಡೆ ತಿರುಗಿ ನಿಂತ.

ಒಳಗೆ ಎಲೆ ಹಾಕಿದ್ದರು. ಅಣವೀರ ಊಟಕ್ಕೆ ನಿಲ್ಲದೆ ಹೊರಡಬೇಕೆಂದಿದ್ದ. ಬಡಿಸುತ್ತಿದ್ದ ಲುಂಬಿನಿ ಅನ್ನದ ಬುಟ್ಟಿಯನ್ನು ಸೊಂಟಕ್ಕಿಟ್ಟುಕೊಂಡು ಗೇಟಿನವರೆಗೆ ಬಂದಳು. ಹುಟ್ಟಿ ಮಾತು ಕಲಿತಂದಿನಿಂದ ಅವಳು ಅವನನ್ನು ಕರೆದದ್ದು ಕಾಕಾ ಎಂದು ಮಾತ್ರ.

"ಅಣವೀರಪ್ಪನವ್ರೇ" ಎಂದಳು. "ಊಟ ಮಾಡ್ಕೊಂಡು ಹೋಗ್ರಿ."

ಅಣವೀರ ಚಪ್ಪಲಿ ಬಿಟ್ಟು ಒಳಗೆ ಹೋಗಿ, ಸಾಲಿನ ಕೊನೆಯ ಎಲೆಯ ಮುಂದೆ ಕೂತ.